ಕೊಡುವ ವಿಚಾರವೇನಾದರೂ ಉಂಟೆ?

ಮಾರಾಟಕ್ಕಿರುವ ಮನೆಯನ್ನು ಕೊಂಡುಕೊಳ್ಳುವುದು ಹಣವುಳ್ಳ ಯಾವನಿಗಾದರೂ ಸಾಧ್ಯವಾಗುವ ಕೆಲಸ. ಅದರಲ್ಲಿ ಪುರುಷಾರ್ಥವೇನೂ ಇಲ್ಲ. ಮಾರಬೇಕೆಂಬ ಯೋಚನೆ ಕನಸಿನಲ್ಲಿಯೂ ಸುಳಿಯದ ಒಬ್ಬ ಗೃಹಸ್ಥನು ಉಂಡು, ಎಲೆಯಡಿಕೆ ಹಾಕಿಕೊಂಡು, ತನ್ನ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿರುವ ಹೊತ್ತಿನಲ್ಲಿ ಅವನೆದುರಿಗೆ ಹೋಗಿ ನಿಂತು, ಕೊಡೆಯನ್ನು ಮಡಿಸಿ, ಗಂಟಲು ಸರಿಪಡಿಸಿಕೊಂಡು, “ಈ ಮನೆ ಕೊಡುವ ವಿಚಾರವೇನಾದರೂ ಉಂಟೆ?” ಎಂದು ಕೇಳುವುದಕ್ಕೆ ಬೇರೆಯೇ ತೆರನಾದ ಧೈರ್ಯ ಬೇಕು. ಅಂತಹ ಧೀರರು ಈಚೆಗೆ ನಮ್ಮ ಸೀಮೆಯಲ್ಲಿ ಊರಿಗೊಬ್ಬರಂತೆ ಕಾಣಿಸಿಕೊಳ್ಳುತ್ತಿದ್ದಾರೆ. ಸುಗಟೂರಿನ ಪಾಲಿಗೆ ಬಂದವರನ್ನು ಊರವರು ‘ಕೇಳೋ ರಾಯರು’ ಎಂದು ಕರೆಯುವರು. ತಂದೆತಾಯಿಗಳು ಇಟ್ಟ ಹೆಸರೊಂದು ಅವರಿಗೆ ಇರಲೇಬೇಕು. ಅದು ಪಿಂಚಣಿಯ ಪುಸ್ತಕದಲ್ಲಿ ಕ್ಷೇಮವಾಗಿದೆ.

ರಾಯರು ಬೆಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾಗಿ, ಕೋಲಾರದ ಪೇಟೆಯಲ್ಲಿ ಬಾಡಿಗೆಗೆ ಮನೆ ಹಿಡಿದು, ಹಳ್ಳಿಯಲ್ಲೊಂದು ಸ್ವಂತ ಸೂರು ಆಗಬೇಕೆಂಬ ಸಂಕಲ್ಪವನ್ನು ತೊಟ್ಟು, ವಾರವಾರವೂ ಬಸ್ಸಿನಲ್ಲಿ ಬಂದಿಳಿಯುವವರು. ಮಳೆ ಅಪರೂಪವಾದ ಈ ನಾಡಿನಲ್ಲಿ ಹನ್ನೆರಡು ತಿಂಗಳೂ ಕೊಡೆ ಹಿಡಿಯುವವರು ಅವರೊಬ್ಬರೇ. ಅದರ ಹಿಡಿಯಿಂದ ಪರರ ಗೋಡೆಗಳನ್ನು ತಟ್ಟಿ ಸದ್ದು ಕೇಳುವುದುಂಟೆಂಬುದು ಊರಿನ ಹುಡುಗರಿಗೆಲ್ಲ ತಿಳಿದ ಸಂಗತಿ. ಹೆಗಲಿನ ಚೀಲದಲ್ಲಿ ಅಳತೆಯ ಟೇಪು, ದಿಕ್ಕು ನೋಡುವ ಒಂದು ಸಣ್ಣ ಯಂತ್ರ, ಕೆಂಪು ರಟ್ಟಿನ ಲೆಕ್ಕದ ಪುಸ್ತಕ, ಹತ್ತಾರು ಅಂಚೆ ಕಾರ್ಡುಗಳು, ಬಾಡದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಮತ್ತು ನೂರೊಂದು ರೂಪಾಯಿಯ ಲಕೋಟೆ.

ಕೊಡದುದನ್ನು ಕೇಳುವ ಪದ್ಧತಿ ಸುಗಟೂರಿಗೆ ಹೊಸದೇನಲ್ಲ. ಒಂದು ಕಾಲಕ್ಕೆ ಈ ಊರಿನ ಹೆಸರನ್ನು ಹೊತ್ತ ಪಾಳೆಯಗಾರರು ಕೋಲಾರದ ಸೀಮೆಯನ್ನೇ ಆಳಿದವರು. ಅವರಲ್ಲಿ ತಮ್ಮೇಗೌಡನೆಂಬಾತನು ವಿಜಯನಗರದ ಅರಸರಿಂದ ಚಿಕ್ಕರಾಯನೆಂಬ ಬಿರುದನ್ನು ಪಡೆದು 1595ರಲ್ಲಿ ಹೊಸಕೋಟೆಯನ್ನು ಕಟ್ಟಿಸಿದನೆಂದು ಗೆಜೆಟಿಯರುಗಳು ಹೇಳುತ್ತವೆ. ಮುಂದೆ ಬಿಜಾಪುರದ ಸೈನ್ಯವು ಬಂದು ಸೀಮೆಯನ್ನು ವಶಪಡಿಸಿಕೊಂಡಿತು, ಅದು ಷಹಾಜಿಯ ಜಹಗೀರಿಗೆ ಸೇರಿತು. ಆ ಜನ ಬಾಗಿಲಲ್ಲಿ ನಿಂತು ‘ಕೊಡುವ ವಿಚಾರ ಉಂಟೆ’ ಎಂದು ವಿಚಾರಿಸಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಅದನ್ನು ನೆನೆದರೆ ನಮ್ಮ ರಾಯರು ಸಭ್ಯತೆಯ ಸಾಕಾರಮೂರ್ತಿ.

ಆಮೇಲೆ ಬಹುಕಾಲ ಯಾರೂ ಏನನ್ನೂ ಕೇಳಲಿಲ್ಲ. ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯ ಕೆಳಗಿಳಿದು, ಗಂಡುಮಕ್ಕಳು ಬೆಂಗಳೂರಿನ ದಾರಿ ಹಿಡಿದ ಮೇಲೆ, ಹಳ್ಳಿಯ ಮನೆಯನ್ನು ಪುಕ್ಕಟೆ ಕೊಡುವೆನೆಂದರೂ ಕೇಳುವವರಿಲ್ಲದ ಕಾಲವೊಂದಿತ್ತು. ಬಳಿಕ ಕಾಲ ತಿರುಗಿತು. ನರಸಾಪುರ, ವೇಮಗಲ್‌ಗಳಲ್ಲಿ ಕಾರ್ಖಾನೆಗಳೆದ್ದವು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆನೀರು ಶುದ್ಧೀಕರಣಗೊಂಡು ನಮ್ಮ ಕೆರೆಗಳಿಗೆ ಹರಿಯಿತು. 2020ರಲ್ಲಿ ಕಾನೂನು ತಿದ್ದುಪಡಿಯಾಗಿ, ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದೆಂದಾಯಿತು. ಅಲ್ಲಿಂದ ಮುಂದೆ ಕಾರುಗಳು ಬಂದವು, ಕಪ್ಪು ಕನ್ನಡಕದವರು ಇಳಿದರು, ಎಕರೆಗೆಷ್ಟು, ಗುಂಟೆಗೆಷ್ಟು ಎಂಬ ಭಾಷೆ ಟೀ ಅಂಗಡಿಯ ಬೆಂಚಿನವರೆಗೂ ಇಳಿಯಿತು. ರಾಯರಿಗೆ ಆ ಜನರನ್ನು ಕಂಡರೆ ಅಸಡ್ಡೆ. ರಾಯರಿಗೆ ನೆಲ ಬೇಡ. ಬೇಕಾದುದು ಮನೆ, ಅದೂ ಹಳೆಯದು: ಮಣ್ಣಿನ ದಪ್ಪ ಗೋಡೆ, ಮೇಲೆ ಕಲ್ಲುಚಪ್ಪಡಿ ಇಲ್ಲವೇ ಮಾಲೂರಿನ ಹೆಂಚು, ನಡುವೆ ಆಕಾಶ ಕಾಣುವ ತೊಟ್ಟಿ, ರೇಷ್ಮೆಹುಳು ಸಾಕಿದ ಕಾಲದ ಚಂದ್ರಿಕೆಯೊಂದು ಗೋಡೆಗೆ ಒರಗಿ ನಿಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಮಾರಾಟಕ್ಕಿರಕೂಡದು. ‘ಈ ಮನೆ ಮಾರಾಟಕ್ಕಿದೆ’ ಎಂಬ ಫಲಕವು ಕಣ್ಣಿಗೆ ಬಿದ್ದರೆ ಅವರು ಬೀದಿಯ ಮಗ್ಗುಲನ್ನೇ ಬದಲಿಸುವರು. “ಮನೆ ಚೆನ್ನಾಗಿದ್ದರೆ ಮಾರುತ್ತಿದ್ದನೇ? ಒಳಗೆ ಏನೋ ಇದೆ, ಮೊಕದ್ದಮೆಯಿರಬೇಕು, ಇಲ್ಲ ಮೋಹಿನಿಯಿರಬೇಕು,” ಎನ್ನುವುದು ಅವರ ಸಿದ್ಧಾಂತ.

ಅವರು ಕೇಳುವ ಕ್ರಮವು ಅಭ್ಯಾಸಯೋಗ್ಯವಾದುದು. ಮೊದಲು, “ತಾಯೀ, ಒಂದು ಲೋಟ ನೀರು ಸಿಕ್ಕೀತೆ?” ಎನ್ನುವರು. ನೀರು ಕೊಟ್ಟ ಕೂಡಲೇ ಕುಡಿಯುವುದಿಲ್ಲ, “ಇದು ಬೋರಿನ ನೀರೋ, ಫಿಲ್ಟರ್ ನೀರೋ?” ಎಂದು ಕೇಳಿ, ಕೊಳವೆಬಾವಿ ಯಾರದು, ನಲ್ಲಿ ಯಾವ ದಿನ ಬಿಡುವರು ಎಂಬುದನ್ನೆಲ್ಲ ಲೋಟ ಬರಿದಾಗುವುದರೊಳಗೆ ಸಂಗ್ರಹಿಸುವರು. ಅನಂತರ ಕಂಬದ ಮೇಲೆ ಅಂಗೈಯಿಟ್ಟು, “ಹೊನ್ನೆಯದೋ, ಬೇವಿನದೋ?” ಎನ್ನುವರು. ಮನೆಯ ಯಜಮಾನನಿಗೆ ಇಷ್ಟು ಹೊತ್ತಿಗೆ ಈತ ಜನಗಣತಿಯವನೋ, ಬ್ಯಾಂಕಿನವನೋ, ಹೆಣ್ಣು ನೋಡಲು ಬಂದ ಬೀಗರ ಕಡೆಯವನೋ ಎಂಬ ಸಂಶಯ ಹುಟ್ಟಿ, ಬೀಗರಾದರೆ ಎಂಬ ಭಯದಿಂದ ಆತ ಚಾಪೆ ಹಾಸಿಸುವನು. ಆಗ ಬರುವುದು ಆ ಪ್ರಶ್ನೆ.

“ಕೊಡುವ ವಿಚಾರವೇನಾದರೂ ಉಂಟೆ ಗೌಡರೇ?”

“ಯಾವ್ದು ಸಾಮಿ, ಹೋರೀನಾ?”

“ಹೋರಿಯಲ್ಲ. ಮನೆ.”

ಗೌಡರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಒಳಗಿನ ಮಾತೆಲ್ಲ ತೆಲುಗಿನಲ್ಲಿಯೇ ನಡೆಯುವ ನಮ್ಮ ಕಡೆಯ ಸಂಪ್ರದಾಯದಂತೆ, “ಏಮೇ, ಇಲ್ಲು ಅಡುಗುತುನ್ನಾರು ಚೂಡು!” ಎಂದು ಕೂಗುವರು. “ಅಮ್ಮಿ ಮನಮೆಕ್ಕಡ ಉಂಡೇದಿ ಅನಿ ಅಡುಗು!” ಎಂದು ಒಗ್ಗರಣೆಯ ಸದ್ದಿನೊಡನೆ ಉತ್ತರ ಬರುವುದು. ಮಾರಿದ ಮೇಲೆ ನಾವೆಲ್ಲಿರುವುದು ಎಂಬ ಈ ಪ್ರಶ್ನೆಯನ್ನು ಯಾವ ವಕೀಲನೂ ಇಷ್ಟು ಸಂಕ್ಷೇಪವಾಗಿ ಕೇಳಲಾರನು. ಆದರೆ ರಾಯರು ಕುಗ್ಗುವವರಲ್ಲ.

“ಕೊಡುವುದಿಲ್ಲವೆಂದು ನನಗೂ ಗೊತ್ತು. ಕೇಳುವುದರಲ್ಲಿ ತಪ್ಪೇನು? ಒಂದು ವೇಳೆ, ಸುಮ್ಮನೆ ಮಾತಿಗೆ, ಕೊಡುವ ಕಾಲ ಬಂದರೆ ಎಷ್ಟಕ್ಕೆ ಕೊಡುವಿರಿ?”

“ಮಾತಿಗೇನು ಸಾಮಿ, ನಲವತ್ತು ಲಕ್ಷ ಕೊಟ್ರೂ ಕೊಡಲ್ಲ.”

ರಾಯರು ಕೆಂಪು ರಟ್ಟಿನ ಪುಸ್ತಕವನ್ನು ತೆಗೆದು ‘40’ ಎಂದು ಬರೆದುಕೊಳ್ಳುವರು. ‘ಕೊಡಲ್ಲ’ ಎಂಬುದಕ್ಕೆ ಅವರ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಈ ಸಂಪ್ರದಾಯಕ್ಕೆ ಮೂಲಪುರುಷನು ವಾಮನಮೂರ್ತಿಯೆಂದು ನನ್ನ ಭಾವನೆ. ಆತನೂ ಕೊಡೆ ಹಿಡಿದೇ ಬಂದನು, ಆತನೂ ಮೂರೇ ಹೆಜ್ಜೆಯೆಂದು ಸಣ್ಣದಾಗಿ ಆರಂಭಿಸಿದನು. ಶುಕ್ರಾಚಾರ್ಯನೆಂಬ ಕಾನೂನು ಸಲಹೆಗಾರನು ತಕರಾರು ತೆಗೆದು, ಧಾರೆಯ ನೀರು ಬೀಳದಂತೆ ಪಾತ್ರೆಯ ಬಾಯಿಗೆ ಅಡ್ಡ ಕುಳಿತು, ಕಣ್ಣು ಕಳೆದುಕೊಂಡನು. ರಾಯರು ಧಾರೆಯ ನೀರಿನ ಬದಲು ವೀಳ್ಯದೆಲೆಯ ಮೇಲೆ ನೂರೊಂದು ರೂಪಾಯಿಯಿಟ್ಟು “ಮಾತಿಗೊಂದು ಅಡ್ವಾನ್ಸ್” ಎಂದು ಮುಂದೆ ಚಾಚುವರು. 1882ರ ಸ್ವತ್ತು ಹಸ್ತಾಂತರ ಕಾಯಿದೆಯ 54ನೆಯ ಪ್ರಕರಣದಂತೆ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯು ರಿಜಿಸ್ಟರಾದ ಪತ್ರದಿಂದಲ್ಲದೆ ಕ್ರಯವಾಗದು. ಮಾರುವೆನೆಂದು ಕರಾರು ಬರೆದುಕೊಟ್ಟರೂ ಆ ಕರಾರಿನಿಂದಲೇ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟದು. ಲೆಕ್ಕ ಬರೆದೇ ತಲೆ ನರೆತ ರಾಯರಿಗೆ ಇದು ತಿಳಿಯದುದಲ್ಲ. ಆದರೂ ಕೊಡುವರು. ಮನೆಯಾಕೆಗೆ ಕಾಯಿದೆ ತಿಳಿಯದಿದ್ದರೂ ವ್ಯವಹಾರ ತಿಳಿದಿದೆ: ಆಕೆ ಆ ನೂರೊಂದನ್ನು ಹಿರಿಯ ಮಗನ ಮದುವೆಯ ಮುಯ್ಯಿ ಪಟ್ಟಿಯ ಕೊನೆಗೆ ಸೇರಿಸಿ, ರಾಯರ ಮನೆಯಲ್ಲಿ ಏನಾದರೂ ಶುಭಕಾರ್ಯವಾದರೆ ತಿರುಗಿ ಮಾಡತಕ್ಕದ್ದೆಂದು ಬರೆಸಿಡುವಳು.

ರಾಯರು ಬಸ್ಸು ಹತ್ತಿದ ಮೇಲೆ ನಡೆಯುವುದು ಅವರಿಗೆ ಕಾಣುವುದಿಲ್ಲ. ನಲವತ್ತು ಎಂಬ ಅಂಕಿಯು ಅವರ ಪುಸ್ತಕದಲ್ಲಿ ನಿಲ್ಲದೆ ಅಂದು ರಾತ್ರಿಯೇ ಮೊಬೈಲಿನ ಮೂಲಕ ಬೆಂಗಳೂರಿಗೆ ಹೋಗಿ, ಐದು ವರ್ಷದಿಂದ ಗೌರಿಹಬ್ಬಕ್ಕೂ ಬಾರದ ತಮ್ಮನ ಕಿವಿಗೆ ಬೀಳುವುದು. ಮರುದಿನ ಮುಳಬಾಗಿಲಿನಲ್ಲಿರುವ ತಂಗಿಗೆ ಮುಟ್ಟುವುದು. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಪಾಲೆಂದು ಕಾನೂನಾಗಿರುವುದನ್ನು ಆಕೆಯ ಗಂಡನು ಬಲ್ಲನು. ಆ ಮನೆಗೆ ಅಂದಿನವರೆಗೆ ಗೋಡೆಯಿತ್ತು, ಬಾಗಿಲಿತ್ತು, ಇಲಿಯಿತ್ತು, ಅಜ್ಜಿಯ ಗೊರಕೆಯಿತ್ತು, ಬೆಲೆಯೊಂದು ಇರಲಿಲ್ಲ. ಬೆಲೆ ಹುಟ್ಟಿದೊಡನೆ ಗೌಡರು ರಾತ್ರಿ ಅಂಗಾತ ಮಲಗಿ ತೊಲೆಗಳನ್ನು ಎಣಿಸತೊಡಗುವರು. ಮಗನು, “ಕೇಳ್ತಾವ್ರಲ್ಲ, ಐವತ್ತು ಅನ್ನಬೇಕಾಗಿತ್ತು ಕಣಪ್ಪ,” ಎಂದು ತಂದೆಯ ವ್ಯವಹಾರಜ್ಞಾನಕ್ಕೆ ಮರುಗುವನು. ಸೊಸೆಯು ಬಚ್ಚಲಿಗೆ ಟೈಲ್ಸ್ ಹಾಕಿಸಲು ಇದೇ ತಕ್ಕ ಸಮಯವೆಂದು ಕಂಡುಕೊಳ್ಳುವಳು.

ಬೀಗ ಹಾಕಿದ ಮನೆಗಳ ವಿಷಯದಲ್ಲಿ ರಾಯರು ಪತ್ರಮುಖೇನ ವ್ಯವಹರಿಸುವರು. ಒಡೆಯನ ವಿಳಾಸವನ್ನು ಪಕ್ಕದ ಮನೆಯವರಿಂದ ಪಡೆದು, ಐವತ್ತು ಪೈಸೆಯ ಕಾರ್ಡಿನಲ್ಲಿ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಬರೆಯುವರು: ತಾವು ಕ್ಷೇಮವೆಂದು ನಂಬಿರುವೆನು; ತಮ್ಮ ಮನೆಯ ಹಿಂಬದಿಯ ಗೋಡೆ ಮೊನ್ನೆಯ ಮಳೆಗೆ ನೆನೆದು ಒಂದು ಮೊಳ ಕುಸಿದಿದೆ; ಅರಳಿಯ ಸಸಿಯೊಂದು ಸೂರಿನ ಸಂದಿಯಲ್ಲಿ ಬೇರುಬಿಟ್ಟಿದೆ; ಹಿತ್ತಿಲಲ್ಲಿ ಪರರ ಮೇಕೆಗಳಿವೆ; ಇಂತಹ ಸ್ಥಿತಿಯಲ್ಲಿ ಕೊಡುವ ವಿಚಾರವೇನಾದರೂ ಉಂಟೆ? ಇದನ್ನು ಓದಿದ ಒಡೆಯನು ಉತ್ತರ ಬರೆಯುವುದಿಲ್ಲ; ಬದಲಿಗೆ, ಸತ್ತ ತಂದೆ ಕನಸಿನಲ್ಲಿ ಬಂದು ಗದರಿಸಿದವನ ಹಾಗೆ ಎದ್ದು, ಮುಂದಿನ ಭಾನುವಾರವೇ ಗಾರೆಯವನೊಬ್ಬನನ್ನು ಕರೆದುಕೊಂಡು ಊರಿಗೆ ಧಾವಿಸಿ, ಗೋಡೆ ಎತ್ತಿಸಿ, ಅರಳಿ ಕೀಳಿಸಿ, ಮೇಕೆ ಅಟ್ಟಿ, ಹೊಸ ಬೀಗ ಜಡಿದು ಹೋಗುವನು. ಹೀಗೆ ಸುಗಟೂರಿನ ಕಡೆ ಬಿದ್ದುಹೋಗಬೇಕಾಗಿದ್ದ ಎಷ್ಟೋ ಮನೆಗಳು ರಾಯರ ಐವತ್ತು ಪೈಸೆಯ ದೆಸೆಯಿಂದ ನೆಟ್ಟಗೆ ನಿಂತಿವೆ. ಪಂಚಾಯಿತಿಯವರು ಇದನ್ನು ಗಮನಿಸಿ ಅವರಿಗೊಂದು ಶಾಲು ಹೊದಿಸಿದರೆ ತಪ್ಪಿಲ್ಲ.

ಒಮ್ಮೆ ಮಾತ್ರ ಅನರ್ಥವಾಯಿತು. ಮಕ್ಕಳೆಲ್ಲ ಪರದೇಶ ಸೇರಿದ ಒಬ್ಬ ನಿವೃತ್ತ ಮೇಷ್ಟ್ರು, ನೀರು ಕೊಟ್ಟು, ಕಂಬ ಹೊನ್ನೆಯದೆಂದು ತಿಳಿಸಿ, ಪ್ರಶ್ನೆಯನ್ನು ಪೂರ್ತಿ ಕೇಳಿ, “ಆಗಬಹುದು. ಇ-ಸ್ವತ್ತಿನ ನಮೂನೆ ಒಂಬತ್ತು, ಹನ್ನೊಂದು ಎರಡೂ ಇವೆ. ಋಣಭಾರ ಪತ್ರವನ್ನೂ ತೆಗೆಸಿಟ್ಟಿದ್ದೇನೆ. ಯಾವತ್ತು ರಿಜಿಸ್ಟರ್ ಮಾಡೋಣ?” ಎಂದುಬಿಟ್ಟರು. ರಾಯರ ಮುಖದ ಮೇಲೆ ಆ ಕ್ಷಣ ಮೂಡಿದ ಕಳವಳವನ್ನು ಕಂಡವರು ಅದನ್ನು ಇಂದಿಗೂ ಅಭಿನಯಿಸಿ ತೋರಿಸುವರು. ಅವರು ಗೋಡೆ ತಟ್ಟಿದರು, ಟೊಳ್ಳೆಂದರು. ಯಂತ್ರವನ್ನು ತೆಗೆದು ದಿಕ್ಕು ನೋಡಿದರು; ಈಶಾನ್ಯ ತುಂಡಾಗಿದೆ ಎಂದರು, ಯಂತ್ರವನ್ನು ಕೊಂಚ ತಿರುಗಿಸಿ, ಆಗ್ನೇಯದಲ್ಲಿ ನೀರಿದೆ ಎಂದರು. ಮನೆಯಲ್ಲಿ ಒಂದು ಮಾತು ಕೇಳಿ ಬರುವೆನೆಂದು ಎದ್ದವರು, ತಾವು ಒಂಟಿಯೆಂದು ಊರಿಗೆಲ್ಲ ತಿಳಿದಿರುವುದನ್ನು ಮರೆತು, ಕೊಡೆಯನ್ನೂ ಮರೆತು, ಬಸ್ಸಿಗೂ ಕಾಯದೆ ಹೊರಟರು. ಬೈಬಲಿನಲ್ಲಿ ಆಹಾಬನೆಂಬ ಅರಸನು ನಾಬೋತನ ದ್ರಾಕ್ಷಿಯ ತೋಟವನ್ನು ಕೇಳಿ, ಅದು ಪಿತ್ರಾರ್ಜಿತವಾದುದರಿಂದ ಕೊಡೆನೆಂದು ಆತ ಹೇಳಿದ್ದಕ್ಕೆ, ಅನ್ನ ಬಿಟ್ಟು ಮುಖ ತಿರುಗಿಸಿಕೊಂಡು ಮಲಗಿದನಂತೆ. ನಮ್ಮ ರಾಯರು ಕೊಡುವೆನೆಂದದ್ದಕ್ಕೆ ಎರಡು ದಿನ ಹಾಗೆಯೇ ಮಲಗಿದ್ದರೆಂದು ಅವರ ಮನೆಯ ಮಾಲೀಕರು ತಿಳಿಸಿರುವರು. ಅದಾದ ಮೇಲೆ ಮೇಷ್ಟ್ರ ಬೀದಿಗೆ ಅವರು ಕಾಲಿಟ್ಟಿಲ್ಲ. ಕೊಡೆಯು ಮೇಷ್ಟ್ರ ಜಗಲಿಯ ಗೂಟದಲ್ಲಿಯೇ ಇದೆ.

ಈಗೀಗ ಊರಿನಲ್ಲಿ ಇನ್ನೊಂದು ಬೆಳವಣಿಗೆ ತೋರುತ್ತಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಹೆಣ್ಣು ಕೇಳಲು ಬಂದವರಾಗಲಿ ಕೈಸಾಲ ಕೊಡುವವರಾಗಲಿ, “ರಾಯರು ನಿಮ್ಮ ಮನೆಗೆ ಎಷ್ಟು ಕೇಳಿದ್ರು?” ಎಂದೇ ವಿಚಾರಿಸುವರು. ಅವರು ಕೇಳಿದ ಮನೆಗೆ ಒಂದು ಘನತೆ, ಕೇಳದ ಮನೆಗೆ ಒಂದು ಕೊರತೆ. ಊರಕೊನೆಯ ಬೀದಿಯಲ್ಲಿ ಎರಡೇ ಅಂಕಣದ ಚಪ್ಪಡಿ ಮನೆಯಲ್ಲಿ ಒಂಟಿಯಾಗಿರುವ ಮುದುಕಿಯೊಬ್ಬಳು ಈ ಕೊರತೆಯನ್ನು ಬಹುದಿನ ಸಹಿಸಿದಳು. ಜಗಲಿಗೆ ಕೆಮ್ಮಣ್ಣು ಸಾರಿಸಿದಳು, ಬಾಗಿಲಿಗೆ ಎಣ್ಣೆ ತಿಕ್ಕಿದಳು, ರಾಯರು ಬರುವ ದಿನ ನೋಡಿ ದೊಡ್ಡ ರಂಗೋಲಿಯನ್ನೂ ಇಟ್ಟಳು. ರಾಯರು ರಂಗೋಲಿಯನ್ನು ಬಳಸಿಕೊಂಡು ಮುಂದೆ ಹೋದರು. ಕಡೆಗೆ ಆಕೆಯೇ ಬೀದಿಗಿಳಿದು ಅಡ್ಡ ನಿಂತಳು.

“ಏನಪ್ಪಾ, ಊರೆಲ್ಲಾ ಕೇಳ್ದೆ, ನಮ್ಮನೆ ಯಾಕೆ ಕೇಳ್ಲಿಲ್ಲ? ನಮ್ದು ಮನೆ ಅಲ್ವಾ?”

ರಾಯರು ತಬ್ಬಿಬ್ಬಾಗಿ, ಚೀಲವನ್ನು ಇಳಿಸಿ, ಗಂಟಲು ಸರಿಪಡಿಸಿಕೊಂಡು, ಆ ಪ್ರಶ್ನೆಯನ್ನು ಯಥಾವಿಧಿಯಾಗಿ ಕೇಳಿದರು. ಆಕೆ ಒಡನೆಯೇ ಉತ್ತರ ಕೊಡಲಿಲ್ಲ. ಜಗಲಿಯ ಮೇಲೆ ಕುಳಿತು, ಎಲೆಗೆ ಸುಣ್ಣ ಹಚ್ಚಿ, “ಎಷ್ಟು ಕೊಡ್ತೀಯ?” ಎಂದಳು. ರಾಯರು ಒಂದು ಮೊತ್ತ ಹೇಳಿದರು. “ಅಷ್ಟೇನಾ?” ಎಂದಳು. ರಾಯರು ಏರಿಸಿದರು. ಆಕೆ ಎದುರುಮನೆಯವಳನ್ನು ಕೂಗಿ ಕರೆದು, ರಾಯರ ಬಾಯಿಂದ ಆ ಮೊತ್ತವನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಸಿ, ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು, “ಕೊಡಲ್ಲ, ಹೋಗು,” ಎಂದಳು. ರಾಯರು ಪುಸ್ತಕದಲ್ಲಿ ಬರೆದುಕೊಂಡು ನಾಲ್ಕು ಹೆಜ್ಜೆ ಹೋಗಿರಬೇಕು, ಮತ್ತೆ ಕರೆದಳು.

“ಬರೋ ತಿಂಗಳೂ ಬಂದು ಕೇಳು. ಆಗ್ಲೂ ಕೊಡಲ್ಲ.”