ಮೇಘಾರೋಹಣ ಪರ್ವ: ಕಂಪನಿ ದತ್ತಾಂಶದ ಗ್ರಂಥಸಂಪಾದನೆ

ಕಂಪನಿಯೊಂದರ ದತ್ತಾಂಶವು ನೆಲದ ಮೇಲಿನ ಸರ್ವರನ್ನು ತ್ಯಜಿಸಿ ಸಶರೀರವಾಗಿ ಕ್ಲೌಡ್ ಸೇರುವ ಕ್ರಿಯೆಗೆ ಲೋಕರೂಢಿಯಲ್ಲಿ ಮೈಗ್ರೇಶನ್ ಎನ್ನುತ್ತಾರೆ. ಈ ವಿಷಯದಲ್ಲಿ ವೆಂಡರ್‌ಗಳು ರಚಿಸಿರುವ ಪಿಪಿಟಿ ಸಾಹಿತ್ಯ ವಿಪುಲವಾಗಿದ್ದರೂ, ಅದು ಸ್ತೋತ್ರ ಪ್ರಕಾರಕ್ಕೆ ಸೇರಿದ್ದರಿಂದ ಇಲ್ಲಿ ಆಕರವಾಗಿ ಸ್ವೀಕರಿಸಿಲ್ಲ. ಈ ಅಧ್ಯಯನಕ್ಕೆ ಆಧಾರ, ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯ ಕಡತಗಳು. ಕಂಪನಿಯ ಹೆಸರು ಹೇಳಲು ಅದರ ಲೀಗಲ್ ವಿಭಾಗ ಒಪ್ಪಿಲ್ಲ.

ಮೊದಲು ಕಾಲನಿರ್ಣಯ. ದತ್ತಾಂಶದ ಉಗ್ರಾಣವಾದ ವೇರ್‌ಹೌಸ್ ಪರಂಪರೆಯ ಆದಿಗ್ರಂಥವನ್ನು 1992ರಲ್ಲಿ ಬಿಲ್ ಇನ್‌ಮನ್ ಪ್ರಕಟಿಸಿದರು. 1996ರಲ್ಲಿ ರಾಲ್ಫ್ ಕಿಂಬಲ್ ಪ್ರತಿಮತ ಹೂಡಿದರು. ಮೊದಲು ಇಡೀ ಸಂಸ್ಥೆಗೊಂದು ವೇರ್‌ಹೌಸ್ ಕಟ್ಟಿ ಆಮೇಲೆ ವಿಭಾಗಗಳಿಗೆ ಪಾಲು ಹಂಚಿ ಎಂಬುದು ಇನ್‌ಮನ್ ಮತ. ವಿಭಾಗಗಳದ್ದನ್ನು ಮೊದಲು ಕಟ್ಟಿ ಆಮೇಲೆ ಜೋಡಿಸಿ ಎಂಬುದು ಕಿಂಬಲ್ ಮತ. ನಮ್ಮ ಕಂಪನಿಗಳು ಎರಡನ್ನೂ ಗೌರವದಿಂದ ಕೇಳಿಸಿಕೊಂಡು ಎಕ್ಸೆಲ್ ಮತವನ್ನು ಅನುಸರಿಸಿದವು. 2012ರಲ್ಲಿ ಅಮೆಜಾನ್ ರೆಡ್‌ಶಿಫ್ಟ್ ಎಂಬ ಕ್ಲೌಡ್ ವೇರ್‌ಹೌಸನ್ನು ಘೋಷಿಸಿತು. ಅದೇ ವರ್ಷ ಅದರ ಪ್ರತಿಸ್ಪರ್ಧಿ ಸ್ನೋಫ್ಲೇಕ್ ಕಂಪನಿ ಹುಟ್ಟಿತು. ಸ್ನೋಫ್ಲೇಕಿನವರು ಸಂಗ್ರಹ ಬೇರೆ, ಗಣನೆ ಬೇರೆ ಎಂದು ಸಾರಿದರು. ಇದು ಶುದ್ಧ ದ್ವೈತವಾದ್ದರಿಂದ ಉಡುಪಿ ಕಡೆಯ ಇಂಜಿನಿಯರ್‌ಗಳಿಗೆ ಕೂಡಲೇ ಹಿಡಿಸಿತೆಂದು ಊಹಿಸಬಹುದು. ಸಂಗ್ರಹಕ್ಕೆ ಪುಡಿಗಾಸು, ಗಣನಯಂತ್ರ ಒಮ್ಮೆ ಎದ್ದರೆ ಕನಿಷ್ಠ 60 ಸೆಕೆಂಡಿನ ಬಾಡಿಗೆ, ಮೇಲೆ ಸೆಕೆಂಡಿನ ಲೆಕ್ಕ, ಸೈಜು ಒಂದು ಮೆಟ್ಟಿಲು ಏರಿದರೆ ದುಪ್ಪಟ್ಟು. ಸಿದ್ಧಾಂತದ ಈ ಭಾಗವನ್ನು ಅಕೌಂಟ್ಸ್ ವಿಭಾಗ ಮೊದಲ ತಿಂಗಳ ಬಿಲ್ಲು ಬಂದ ಮೇಲೆ ಅಧ್ಯಯನ ಮಾಡಿತು.

ಸಾಗಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2016ರಲ್ಲಿ ಅಮೆಜಾನ್ 45 ಅಡಿಯ ಕಂಟೇನರ್ ಲಾರಿಯೊಂದನ್ನು ಇದಕ್ಕೆಂದೇ ಬಿಟ್ಟಿತ್ತು. ಅದರಲ್ಲಿ 100 ಪೆಟಾಬೈಟ್ ಹಿಡಿಯುತ್ತಿತ್ತು. ಅಷ್ಟನ್ನು ಸೆಕೆಂಡಿಗೆ 1 ಗಿಗಾಬಿಟ್ ಲೈನಿನಲ್ಲಿ ಕಳಿಸಲು ಸುಮಾರು 25 ವರ್ಷ ಬೇಕು. ನಮ್ಮ ಆಕರ ಕಂಪನಿಯ ಸಮಸ್ತ ದತ್ತಾಂಶವೂ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತಿತ್ತು. ಆದರೂ ಮೀಟಿಂಗಿನಲ್ಲಿ ಲಾರಿಯ ಸ್ಲೈಡನ್ನು ಎರಡು ಸಲ ತೋರಿಸಿದರು. ಅಂದಹಾಗೆ, ಬೆಂಗಳೂರಿನ ದತ್ತಾಂಶ ಏರಿಹೋಗುವುದು ಯಾವ ಸ್ವರ್ಗಕ್ಕೂ ಅಲ್ಲ, ಸಾಮಾನ್ಯವಾಗಿ ಮುಂಬೈಗೆ.

ಇನ್ನು ಮುಖ್ಯ ವಿಷಯ, ಪಾಠಪರಿಷ್ಕರಣ. ಗ್ರಾಹಕರ ಪಟ್ಟಿಯ ಮೂರು ಪ್ರತಿಗಳು ದೊರೆತವು: 'ಫೈನಲ್', 'ಫೈನಲ್_2' ಮತ್ತು 'ಫೈನಲ್_ಇದೇ_ಫೈನಲ್'. ಮೂರನೆಯದೇ ಅತ್ಯಂತ ಪ್ರಾಚೀನವೆಂದು ಆಂತರಿಕ ಪ್ರಮಾಣಗಳಿಂದ ಸಿದ್ಧವಾಗುತ್ತದೆ. ಊರಿನ ಕಾಲಂನಲ್ಲಿ ಬೆಂಗಳೂರು, ಬ್ಯಾಂಗಲೋರ್, ಬ್ಯಾಂಗ್ಲೋರ್, ಬಿ'ಲೋರ್, ಬಿಎಲ್‌ಆರ್ ಎಂಬ ಪಾಠಾಂತರಗಳಿವೆ. ಕೊನೆಯಲ್ಲೊಂದು ಅದೃಶ್ಯ ಸ್ಪೇಸ್ ಇರುವ ಬೆಂಗಳೂರು ಪ್ರತ್ಯೇಕ ನಗರ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದವು. ಹೊಸ ನಮೂದುಗಳು ಹೊಸ ಹೆಸರಿಗೆ ಹೋದವು, ಹಳೆಯವು ಹಳೆಯದರಲ್ಲೇ ಕೂತವು. ಎಲ್ಲವೂ ಮೇಲೇರಿದ ಮೇಲೆ ಹೊಳೆಯುವ ಡ್ಯಾಶ್‌ಬೋರ್ಡ್ ಬಂತು: ಬೆಂಗಳೂರಿನಲ್ಲಿ ವ್ಯಾಪಾರ ಜೋರು, ಬ್ಯಾಂಗಲೋರಿನಲ್ಲಿ ನೆಲಕಚ್ಚಿದೆ. ಬ್ಯಾಂಗಲೋರಿಗೆ ಪ್ರತ್ಯೇಕ ಸೇಲ್ಸ್ ಮ್ಯಾನೇಜರನ್ನು ನೇಮಿಸುವ ಪ್ರಸ್ತಾಪ ಪರಿಶೀಲನೆಯಲ್ಲಿದೆ.

ವಂಶಾವಳಿಯ ಶೋಧ ಇನ್ನೂ ಫಲಪ್ರದ. ಫಾರಂ ರಚಿಸಿದವರು ಲಾಸ್ಟ್ ನೇಮ್ ಕಡ್ಡಾಯ ಮಾಡಿದ್ದರು. ಹಳೇ ಮೈಸೂರು ಸೀಮೆಯ ಜನಕ್ಕೆ ಇರುವುದು ಹೆಸರು, ಅದರ ಮುಂದೊಂದು ಇನಿಶಿಯಲ್. ಬೇಸತ್ತವರು ಆ ಜಾಗದಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋದರು. ಆದ್ದರಿಂದ ದತ್ತಾಂಶದ ಪ್ರಕಾರ ದಕ್ಷಿಣ ಕರ್ನಾಟಕದ ಅತಿ ದೊಡ್ಡ ಮನೆತನ ಚುಕ್ಕಿಯವರದು. ಇವರಲ್ಲಿ ಸಾವಿರಾರು ಮಂದಿ ಮಂಜುನಾಥರಿದ್ದಾರೆ.

ಲಿಪಿಕಾರರ ಭಕ್ತಿಯನ್ನೂ ಗಮನಿಸಬೇಕು. 1900 ಅಧಿಕ ವರ್ಷವಲ್ಲ. ಆದರೂ ಆ ವರ್ಷದ ಫೆಬ್ರವರಿ 29ನ್ನು ಎಕ್ಸೆಲ್ ಇಂದಿಗೂ ಆಚರಿಸುತ್ತದೆ. ಲೋಟಸ್ 1-2-3ರಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೆಯೇ ನಕಲಿಸಿಕೊಂಡದ್ದೇ ಕಾರಣ. ಓಲೆಗಳು ನಷ್ಟವಾದ ಉದಾಹರಣೆಗೆ 2020ರ ಇಂಗ್ಲೆಂಡ್ ನೋಡಿ: ಹಳೆಯ ಎಕ್ಸೆಲ್ ಫೈಲಿನ 65,536 ಸಾಲುಗಳ ಮಿತಿಯಿಂದಾಗಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಇದನ್ನು ಓದಿ ನಗಬೇಡಿ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ಕೆಲವು ದಿನ ತಡವಾಯಿತು.

ಎಲ್ಲಕ್ಕಿಂತ ಕಠಿಣ ಪ್ರಶ್ನೆ, ಗ್ರಾಹಕ ಎಂದರೆ ಯಾರು? ವಿಸಿಟಿಂಗ್ ಕಾರ್ಡ್ ಕೊಟ್ಟವನು ಎಂದು ಸೇಲ್ಸ್, ದುಡ್ಡು ಕೊಟ್ಟವನು ಎಂದು ಫೈನಾನ್ಸ್, ಬೈದವನು ಎಂದು ಸಪೋರ್ಟ್. ಬೇರೆ ಬೇರೆ ಫೈಲುಗಳಲ್ಲಿ ವಾಸವಿದ್ದಾಗ ಈ ಮೂರು ಮತಗಳೂ ನೆಮ್ಮದಿಯಾಗಿದ್ದವು. ಎಲ್ಲರಿಗೂ ಒಂದೇ ಆದ ವೇರ್‌ಹೌಸ್ ಅವನ್ನು ಒಂದೇ ಪರದೆಗೆ ತಂದು ಕೂರಿಸಿತು. ನನ್ನ ಎಣಿಕೆಯಲ್ಲಿ ಇಡೀ ಮೈಗ್ರೇಶನ್ನಿನ ನಿಜವಾದ ಕೆಲಸ ಈ ಮತಗಳನ್ನು ಒಂದಾಗಿಸುವುದಷ್ಟೇ, ಇದೊಂದನ್ನೇ ಯಾರೂ ಮಾಡುವುದಿಲ್ಲ. ನಮ್ಮ ಕಂಪನಿ ಕಂಡುಕೊಂಡ ಸಮನ್ವಯ: ಒಂದೇ ಟೇಬಲ್ಲು, ಗ್ರಾಹಕ_1, ಗ್ರಾಹಕ_2, ಗ್ರಾಹಕ_3 ಎಂಬ ಮೂರು ಕಾಲಂ. ದಿನಾ ಬೆಳಿಗ್ಗೆ ಮೂರನ್ನೂ ಎಣಿಸುತ್ತಾರೆ, ಬಿಲ್ಲೂ ಮೂರಕ್ಕೆ. ಆಮೇಲೆ ಮ್ಯಾನೇಜರು ಅದನ್ನು ಎಕ್ಸೆಲ್‌ಗೆ ಇಳಿಸಿಕೊಂಡು, 'ಫೈನಲ್' ಎಂದು ಹೆಸರಿಟ್ಟು, ಎಲ್ಲರಿಗೂ ಮೇಲ್ ಮಾಡುತ್ತಾರೆ.

ಹಳೆಯ ಸರ್ವರ್ ಈಗಲೂ ಮೂರನೇ ಮಹಡಿಯಲ್ಲಿ, ಮೇಜಿನ ಕೆಳಗೆ ಉರಿಯುತ್ತಿದೆ. ಪ್ರತಿ ರಾತ್ರಿ ಎರಡು ಗಂಟೆಗೆ ಅದು ಒಂದು ರಿಪೋರ್ಟ್ ಕಳಿಸುತ್ತದೆ. ಯಾರಿಗೆಂದು ತಿಳಿಯದ್ದರಿಂದ ಆರಿಸಲು ಯಾರಿಗೂ ಧೈರ್ಯವಿಲ್ಲ. ಓದುಗರಲ್ಲಿ ಯಾರಾದರೂ ಆ ರಿಪೋರ್ಟನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಕಂಪನಿ ಎರಡು ಕಡೆಯೂ ದುಡ್ಡು ಕಟ್ಟುತ್ತಿರುತ್ತದೆ.