ಮುಯ್ಯಿ ಬರೆಸಿದ ಹದಿನಾಲ್ಕು ಮಂದಿಗೆ

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಹಾಗೂ ನಮ್ಮದೇ ಹೊಳೆನರಸೀಪುರದ ಹದಿನಾಲ್ಕು ಜನ ಹಳೇ ಗಾಡಿ ಹುಚ್ಚರಿಗೆ,

ನೀವೆಲ್ಲ ಸೇರಿಕೊಂಡು ನನಗೆ ಮಾಡಿದ ಅನ್ಯಾಯವನ್ನು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣವೆಂದರೆ, ಫೋನ್ ಎತ್ತಿದ ತಕ್ಷಣ ನೀವು ಕೇಳುವುದು ‘ಗಾಡಿ ಹೆಂಗೈತೆ?’ ಅಂತ. ನಾನು ಹೆಂಗಿದ್ದೀನಿ ಅಂತ ಕೇಳಿದವರು ಒಬ್ಬರೂ ಇಲ್ಲ. ಅದಕ್ಕೇ ಈ ಕಾಗದವನ್ನು ಊರ ಮುಂದೆಯೇ ಓದಿಬಿಡುತ್ತಿದ್ದೇನೆ.

ಮೊದಲು ನನ್ನ ಹಿಂದಿನ ಸುಖವನ್ನು ನೆನಪಿಸುತ್ತೇನೆ. ಇಂಜಿನ್ ಕೆಟ್ಟು ಎರಡು ತಿಂಗಳು ಹಿತ್ತಿಲಲ್ಲಿ ನೀಲಿ ಟಾರ್ಪಾಲು ಹೊದ್ದು ನನ್ನ ಅಂಬಾಸಡರ್ ನಿಂತಿತ್ತು. 1994ರ ಗಾಡಿ, ಕೆಎ 13. ನಿಂತ ಗಾಡಿ ಪೆಟ್ರೋಲು ಕೇಳುವುದಿಲ್ಲ, ಟೈರು ಕೇಳುವುದಿಲ್ಲ. ಹಿಂದಿನ ಸೀಟಿನಲ್ಲಿ ಪಕ್ಕದ ಮನೆ ಕೋಳಿ ಮೊಟ್ಟೆ ಇಡುತ್ತಿತ್ತು. ಆ ಗಾಡಿಯಿಂದ ನಮ್ಮ ಮನೆಗೆ ಆದಾಯ ಅಂತ ಬಂದದ್ದು ಆ ಎರಡು ತಿಂಗಳು ಮಾತ್ರ. ನನ್ನ ಹೆಂಡತಿ ಟಾರ್ಪಾಲಿನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಯಾರಿಗೂ ನಾನು ಸಾಲಗಾರನಾಗಿರಲಿಲ್ಲ.

ಗಾಡಿ ಕೆಟ್ಟದ್ದು ಯಾರ ತಪ್ಪಿನಿಂದಲೂ ಅಲ್ಲ, ನನ್ನದರಿಂದ. ನಿಮಗೆಲ್ಲ ಗೊತ್ತು, ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ. ಹೋದ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿರುತ್ತದೆ ಎನ್ನುವುದು ನಂಬಿಕೆ. ನನ್ನ ಗಾಡಿಯ ಬಾನೆಟ್ಟೂ ವರ್ಷಕ್ಕೊಮ್ಮೆ, ಆಯುಧಪೂಜೆಗೆ ತೆರೆಯುತ್ತಿತ್ತು. ಹೋದ ವರ್ಷ ರೇಡಿಯೇಟರಿಗೆ ಹಾಕಿದ ನೀರು ಇನ್ನೂ ಇರುತ್ತದೆ ಎಂದು ನಾನೂ ನಂಬಿದ್ದೆ. ಅಮ್ಮನ ಮಹಿಮೆ ನನ್ನ ರೇಡಿಯೇಟರಿನವರೆಗೆ ಬರಲಿಲ್ಲ.

ಹಾಸನದಿಂದ ಹೊಳೆನರಸೀಪುರಕ್ಕೆ ಬರುವಾಗ ಮೊಸಳೆಹೊಸಳ್ಳಿ ದಾಟುತ್ತಿದ್ದಂತೆ ಬಾನೆಟ್ ಸಂದಿಯಿಂದ ಹೊಗೆ ಎದ್ದಿತು. ಅದು ಹೊಗೆಯಲ್ಲ, ಹಬೆ ಎಂದು ಆಮೇಲೆ ತಿಳಿಯಿತು. ಇನ್ನೇನು ಮಾವಿನಕೆರೆ ಬಂತಲ್ಲ, ನಿಧಾನವಾಗಿ ಹೋದರಾಯಿತು ಎಂದು ಇನ್ನೂ ನಾಲ್ಕು ಕಿಲೋಮೀಟರು ಓಡಿಸಿದೆ. ಅಷ್ಟು ಹೊತ್ತಿಗೆ ಅದು ಒಂದು ಸಲ ಕೆಮ್ಮಿ, ನಡುಗಿ ನಿಂತುಹೋಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದೆ. ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು ನನ್ನ ಮೂಗಿನ ಹತ್ತಿರ ಹಿಡಿದ. ಆಯಿಲ್ ಇರಬೇಕಾದ ಜಾಗದಲ್ಲಿ ಹಾಲು ಜಾಸ್ತಿಯಾದ ಕಾಫಿ. ಕಾಫಿ ಬೆಳೆಯುವ ಜಿಲ್ಲೆಯವನಾಗಿ ಜೀವನದಲ್ಲಿ ಮೊದಲ ಸಲ ಕಾಫಿ ಬಣ್ಣ ನೋಡಿ ಹೊಟ್ಟೆ ತೊಳೆಸಿತು. ‘ಹೆಡ್ ಗ್ಯಾಸ್ಕೆಟ್ ಹೋಗೈತೆ ಸಾರ್, ಹೆಡ್ಡೂ ಬೆಂಡ್ ಆಗಿರುತ್ತೆ. ಇಂಜಿನ್ ಇಳಿಸ್ದೆ ಏನೂ ಹೇಳಕ್ಕಾಗಲ್ಲ,’ ಎಂದ.

ಇಳಿಸಿದ. ಇಳಿಸಿದ ಮೇಲೆ ಹೇಳುವುದಕ್ಕೆ ಬೇಕಾದಷ್ಟು ಸಿಕ್ಕಿತು. ಹೆಡ್ ಫೇಸಿಂಗ್, ನಾಲ್ಕು ಬೋರು, ಓವರ್‌ಸೈಜ್ ಪಿಸ್ಟನ್ನು, ರಿಂಗು, ಕ್ರ್ಯಾಂಕ್ ಗ್ರೈಂಡಿಂಗು, ಬೇರಿಂಗು, ವಾಟರ್ ಪಂಪು. ಅಲ್ಲಿಗೆ ನಿಲ್ಲಲಿಲ್ಲ. ‘ಹೆಂಗೂ ಇಳ್ಸಿದೀವಲ್ಲ ಸಾರ್’ ಎಂಬುದೊಂದು ಮಾತಿದೆ ನೋಡಿ, ಮೆಕ್ಯಾನಿಕ್ ಶೆಡ್ಡಿನಲ್ಲಿ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ. ಹೆಂಗೂ ಇಳಿಸಿದ್ದಕ್ಕೆ ಕ್ಲಚ್ ಪ್ಲೇಟು, ಹೆಂಗೂ ಇಳಿಸಿದ್ದಕ್ಕೆ ಇಂಜಿನ್ ಮೌಂಟಿಂಗು. ಒಟ್ಟು 72,000 ರೂಪಾಯಿ. ನನ್ನ ಹತ್ತಿರ ಇದ್ದದ್ದು 20,000.

ಮರ್ಯಾದಸ್ಥನಂತೆ ನಾನು ಮೊದಲು ಹೋದದ್ದು ಇನ್ಶೂರೆನ್ಸ್ ಏಜೆಂಟರ ಹತ್ತಿರ. ಮೂವತ್ತು ವರ್ಷ ಒಂದೇ ಒಂದು ಕಂತು ತಪ್ಪಿಸದವನು ನಾನು. ಪಾಲಿಸಿಯ ಹಿಂಬದಿಯ ಸಣ್ಣಕ್ಷರದ ಮೇಲೆ ಅವರು ಬೆರಳಿಟ್ಟು ತೋರಿಸಿದರು: ಸವೆತ, ಯಂತ್ರದೋಷ, ವಿದ್ಯುತ್ ದೋಷ, ಇವಕ್ಕೆ ಪರಿಹಾರವಿಲ್ಲ. ‘ಎಲ್ಲಾದ್ರೂ ಗುದ್ದಿದ್ರೆ ಕೊಡಿಸ್ಬಹುದಿತ್ತು ಸಾರ್.’ ಅಂದರೆ ಗಾಡಿ ಓಡುತ್ತಾ ಓಡುತ್ತಾ ಮುದಿಯಾದರೆ ಅದು ಅದರ ಕರ್ಮ. ಮರಕ್ಕೆ ಗುದ್ದಿ ಸತ್ತರೆ ಗೌರವ. ಇಂಜಿನ್ ಇಲ್ಲದ ಗಾಡಿಯನ್ನು ಗುದ್ದಿಸುವುದಕ್ಕೂ ಆಗದೆ ವಾಪಸು ಬಂದೆ.

ಬ್ಯಾಂಕಿನಲ್ಲಿ ಇನ್ನೂ ಚೆನ್ನಾಗಿತ್ತು. ಹೊಸ ಕಾರಿಗಾದರೆ ಎಂಟು ಲಕ್ಷ ಈವತ್ತೇ ಕೊಡುತ್ತಾರಂತೆ. ಹಳೆಯದನ್ನು ಉಳಿಸಿಕೊಳ್ಳಲು ಐವತ್ತೆರಡು ಸಾವಿರ? ಅಂಥ ಸಾಲಕ್ಕೆ ಅವರಲ್ಲಿ ಅರ್ಜಿಯೇ ಇಲ್ಲ. ಬೇಕಿದ್ದರೆ ಚಿನ್ನ ತನ್ನಿ ಎಂದರು. ಆ ಮಾತನ್ನು ಮನೆಯಲ್ಲಿ ಎತ್ತಿದ ದಿನ ರಾತ್ರಿಯ ಊಟ ತಣ್ಣಗಿತ್ತು. ಮಗ ಬೆಂಗಳೂರಿನಿಂದ, ಮಿಲಾಪ್ ವೆಬ್‌ಸೈಟಿನಲ್ಲಿ ಹಾಕಪ್ಪ, ಜನ ದುಡ್ಡು ಕಳಿಸ್ತಾರೆ ಎಂದ. ಅಲ್ಲಿ ಮಕ್ಕಳ ಹೃದಯದ ಆಪರೇಷನ್ನಿಗೆ ಕೈಚಾಚಿದವರ ಪಕ್ಕದಲ್ಲಿ ನನ್ನ ಕಾರ್ಬ್ಯುರೇಟರಿನ ಫೋಟೊ ಹಾಕುವಷ್ಟು ನಾಚಿಕೆ ಬಿಟ್ಟಿರಲಿಲ್ಲ.

ಸರ್ಕಾರದ್ದು ಕೇಳಲೇಬೇಡಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2019ರಲ್ಲಿ ಆರುನೂರು ಕಟ್ಟಿದ ನಾನು 2024ರಲ್ಲಿ ಐದು ಸಾವಿರ ಕಟ್ಟಿದೆ. ಗಾಡಿ ಅದೇ, ನಂಬರೂ ಅದೇ. ಇನ್ನು ಕಂಪನಿಯನ್ನು ಕೇಳೋಣವೆಂದರೆ, ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತದ್ದೇ 2014ರ ಮೇ ತಿಂಗಳಲ್ಲಿ. 2017ರಲ್ಲಿ ‘ಅಂಬಾಸಡರ್’ ಎಂಬ ಬರಿಯ ಹೆಸರನ್ನು ಫ್ರಾನ್ಸಿನ ಪ್ಯೂಜೊದವರು 80 ಕೋಟಿಗೆ ಕೊಂಡರು. ಕಾರಿಲ್ಲದ ಹೆಸರಿಗೆ ಎಂಬತ್ತು ಕೋಟಿ. ಹೆಸರಿನ ಜೊತೆಗೆ ಕಾರೂ ಇರುವ ನನಗೆ ಗುಜರಿಯವನು ಹೇಳಿದ್ದು ಕೆ.ಜಿ. ಲೆಕ್ಕ.

ಇಷ್ಟಾದ ಮೇಲೆ, ನ್ಯಾಯವಾಗಿ, ಗಾಡಿ ಗುಜರಿಗೆ ಹೋಗಬೇಕಿತ್ತು. ಹೋಗುವುದರಲ್ಲೂ ಇತ್ತು. ಆಗ ನೀವು ಬಂದಿರಿ.

ಅರಕಲಗೂಡಿನ ಆಲೂಗಡ್ಡೆ ಸಾಹುಕಾರರೇ, ಶುರು ಮಾಡಿದ್ದು ನೀವು. ಭಾನುವಾರ ಬೆಳಗ್ಗೆ ಇಡ್ಲಿ ತಿನ್ನಲು ಸೇರಿದಾಗ ನಾನು ಬಸ್ಸಿನಲ್ಲಿ ಬಂದಿಳಿದದ್ದು ನೋಡಿ, ನಿಮ್ಮ ಪದ್ಮಿನಿ ಕಾರಿಗೆ ಒರಗಿ ನಿಂತುಕೊಂಡೇ ಹೇಳಿದಿರಿ: ‘ಮದ್ವೆಗೆ ಮುಯ್ಯಿ ಹಾಕಲ್ವೇನ್ರೀ? ಇದೂ ಹಂಗೇ ಅಂದ್ಕೊಳ್ಳಿ.’ ಅಷ್ಟೇ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರು ತಮ್ಮ ಲೆಕ್ಕದ ಪುಸ್ತಕದಲ್ಲೇ ಒಂದು ಹಾಳೆ ತಿರುಗಿಸಿದರು. ಮೇಲೆ ‘ಶ್ರೀ’ ಬರೆದು, ಕೆಳಗೆ ಹೆಸರು, ಊರು, ರೂಪಾಯಿ. ಥೇಟ್ ಮದುವೆ ಛತ್ರದ ಬಾಗಿಲಲ್ಲಿ ಕೂತು ಬರೆಯುವ ಹಾಗೆ. ಸಾಹುಕಾರರದು 10,001. ಐದೈದು ಸಾವಿರದೊಂದು ನಾಲ್ಕು ಜನ, ಮೂರು ಸಾವಿರದೊಂದು ಐದು ಜನ, ಎರಡು ಸಾವಿರದೊಂದು ಮೂವರು, ಕೊನೆಗೆ ಒಂದು ಸಾವಿರದೊಂದು. ಸಾವಿರಗಳನ್ನೆಲ್ಲ ಫೋನಿನಲ್ಲಿ ಕಳಿಸಿದಿರಿ. ಮುಯ್ಯಿ ಸೊನ್ನೆಯಲ್ಲಿ ನಿಲ್ಲಬಾರದು ಅಂತ ಒಂದೊಂದು ರೂಪಾಯಿ ನಾಣ್ಯ ಮಾತ್ರ ಜೇಬಿಂದ ತೆಗೆದು ನನ್ನ ಅಂಗೈಗೆ ಇಟ್ಟಿರಿ. ರಾಮನಾಥಪುರದ ಕಡೆಯವರು ತಂಬಾಕು ಹರಾಜಿನ ದುಡ್ಡು ಬಂದ ಮೇಲೆ ತಮ್ಮ ಸಾವಿರಗಳನ್ನು ಕಳಿಸುತ್ತೇನೆಂದು ಅವತ್ತು ನಾಣ್ಯವನ್ನಷ್ಟೇ ಕೊಟ್ಟರು. ಹರಾಜಾದ ದಿನವೇ ಕಳಿಸಿದರು, ಅದನ್ನೂ ಹೇಳಿಬಿಡುತ್ತೇನೆ.

ಮುಯ್ಯಿ ಎಂದರೆ ಏನೆಂದು ನಿಮಗೆ ಗೊತ್ತಿಲ್ಲದೆ ಇಲ್ಲ. ನಾಟಿಗೆ ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು ಬಂದರೆ ಮುಯ್ಯಾಳು. ಮದುವೆಯಲ್ಲಿ ಹಾಕಿದರೆ ಮುಯ್ಯಿ. ಏಟಿಗೆ ಏಟು ಕೊಟ್ಟರೂ ಮುಯ್ಯಿಯೇ! ಉಪಕಾರಕ್ಕೂ ಸೇಡಿಗೂ ಒಂದೇ ಮಾತು ಇಟ್ಟ ನಮ್ಮ ಹಿರಿಯರು ಹಳೇ ಕಾರು ಇಟ್ಟುಕೊಂಡಿರಲಿಲ್ಲ. ಆದರೂ ಹೇಗೆ ಗೊತ್ತಾಯಿತೋ.

ಏಕೆಂದರೆ ಅವತ್ತಿನಿಂದ ಆರ್.ಸಿ. ಪುಸ್ತಕದಲ್ಲಿ ಒಬ್ಬನೇ ಮಾಲೀಕ, ಊರಲ್ಲಿ ಹದಿನಾಲ್ಕು. ಗ್ಯಾಸ್ಕೆಟ್ ಸೆಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೇ ಬರಬೇಕು ಎಂದವರು ಒಬ್ಬರು, ಅಲ್ಲಿ ಡೂಪ್ಲಿಕೇಟ್ ಕೊಡ್ತಾರೆ ಎಂದವರು ಇನ್ನೊಬ್ಬರು. ಬೋರ್ ಮಾಡಿಸಲು ಹಾಸನದ ಲೇತಿಗೆ ಬ್ಲಾಕ್ ಹೊತ್ತಾಗ ಜೊತೆಗೆ ಐದು ಜನ ಬಂದಿರಿ. ಹೆಣ ಹೊರುವುದಕ್ಕೂ ನಾಲ್ಕೇ ಜನ ಸಾಕು. ಇಂಜಿನ್ ಕೂರಿಸಿದ ದಿನ ಮೆಕ್ಯಾನಿಕ್, ಮೊದಲ ಸಾವಿರ ಕಿಲೋಮೀಟರು ಐವತ್ತರ ಮೇಲೆ ಹೋಗಬೇಡಿ ಸಾರ್ ಎಂದು ನನ್ನೊಬ್ಬನಿಗೆ ಹೇಳಿದ. ಕೇಳಿಸಿಕೊಂಡದ್ದು ನಾಲ್ಕು ತಾಲ್ಲೂಕು. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಒಂದು ದಿನ, ರಸ್ತೆ ಖಾಲಿ ಇತ್ತು, ಕೈ ತುರಿಸಿತು, ಅರವತ್ತಕ್ಕೆ ಹೋದೆ. ಬೈಪಾಸ್ ಮುಗಿಯುವುದರೊಳಗೆ ಫೋನು. ‘ಈಗ ಪೆಟ್ರೋಲ್ ಬಂಕ್ ಮುಂದೆ ಹೋದದ್ದು ನಿಮ್ದೇ ಗಾಡಿ ಅಲ್ವಾ? ರಿಂಗ್ ಇನ್ನೂ ಕೂತಿಲ್ಲ ಸ್ವಾಮಿ, ನಮ್ ದುಡ್ಡು.’ ನನ್ನ ಮದುವೆಗೆ ಮುಯ್ಯಿ ಹಾಕಿದವರು ಕೂಡ ಸಂಸಾರ ಎಷ್ಟು ಸ್ಪೀಡಿನಲ್ಲಿ ಹೋಗುತ್ತಿದೆ ಎಂದು ಕೇಳಿದವರಲ್ಲ.

ಮಾರುವಂತಿಲ್ಲ. ಬಣ್ಣ ಬದಲಿಸುವಂತಿಲ್ಲ, ಆ ಬಗ್ಗೆ ಒಂದು ಸಭೆಯೇ ಆಯಿತು, ನನ್ನನ್ನು ಕರೆದಿರಲಿಲ್ಲ. ಕಾಂಟೆಸಾ ಕಾರಿನ ಮೇಷ್ಟ್ರು ಈಗಲೂ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲು ಹಿತ್ತಿಲಿಗೆ ಹೋಗಿ ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಅದ್ದಿ ನೋಡುತ್ತಾರೆ.

ಈಗ ಸಾಹುಕಾರರ ಪದ್ಮಿನಿಯ ಗೇರ್‌ಬಾಕ್ಸ್ ಹೋಗಿದೆ. ಮೂರನೇ ಗೇರಿಗೆ ಹಾಕಿದರೆ ಗಿರಣಿಯಲ್ಲಿ ರಾಗಿ ಬೀಸಿದ ಸದ್ದು. ಪಾಪ ಅನ್ನಿಸಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಸುದ್ದಿ ಕೇಳಿ ಹಬ್ಬವಾದಂತಾಯಿತು. ಹಾಕಿಸಿಕೊಂಡದ್ದಕ್ಕಿಂತ ಸ್ವಲ್ಪ ಮೇಲೆ ಹಾಕಿ ತಿರುಗಿಸುವುದು ನಮ್ಮ ಕಡೆ ವಾಡಿಕೆ. 10,501 ಬರೆಸಿದ್ದೇನೆ. ಸಾಹುಕಾರರೇ, ಇನ್ನು ಮೇಲೆ ನೀವು ಯಾವ ಗೇರಿನಲ್ಲಿ ಹೋಗುತ್ತೀರಿ ಎಂದು ನಾನೂ ಕೇಳುವವನೇ.

ಉಳಿದವರಲ್ಲಿ ಹನ್ನೆರಡು ಜನಕ್ಕೂ ಹೀಗೇ ತೀರಿಸುತ್ತೇನೆ. ನಿಮ್ಮ ಗಾಡಿಗಳ ವಯಸ್ಸು ನೋಡಿದರೆ ತುಂಬಾ ದಿನ ಕಾಯಬೇಕಾಗಿಲ್ಲ. ಲೆಕ್ಕ ತಪ್ಪಿಸಿದವರು ನೀವೊಬ್ಬರೇ, ಒಂದು ಸಾವಿರದೊಂದು ಬರೆಸಿದ ಅಣ್ಣಾ. ಹಾಸನದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಬೇಲೂರು-ಹಳೇಬೀಡು ಬಾಡಿಗೆ ಹೊಡೆದವರು ನೀವು. ನಿಮ್ಮ ಅಂಬಾಸಡರಿಗೂ ನನ್ನ ಗಾಡಿಯದೇ ಕಾಯಿಲೆ ಬಂದಿತ್ತು. ಆಗ ಯಾರೂ ಪುಸ್ತಕ ತೆರೆಯಲಿಲ್ಲ, ತೂಕಕ್ಕೆ ಹಾಕಿಬಿಟ್ಟಿರಿ. ಈಗ ನಿಮ್ಮ ಹತ್ತಿರ ಗಾಡಿಯೇ ಇಲ್ಲ. ಭಾನುವಾರ ಬಸ್ಸಿನಲ್ಲಿ ಬಂದು, ನಮ್ಮ ಗಾಡಿಗಳ ಬಾನೆಟ್ ಮುಟ್ಟಿ, ಇಡ್ಲಿ ತಿಂದು ಹೋಗುತ್ತೀರಿ. ಅವತ್ತು ಪುಸ್ತಕ ನಿಮ್ಮನ್ನು ದಾಟಿ ಹೋಗುತ್ತಿದ್ದಾಗ ಕೈ ಚಾಚಿ ಎಳೆದುಕೊಂಡಿರಿ. ಬರೆಯುವವರು ‘ನಿಮ್ಗ್ಯಾಕಣ್ಣ?’ ಎಂದರು. ನೀವು ಮಾತಾಡಲಿಲ್ಲ. ಹೆಸರು ನೀವೇ ಬರೆದುಕೊಂಡಿರಿ. ಊರಿನ ಮುಂದೆ ಹಾಸನ ಎಂದೂ, ಅದರ ಪಕ್ಕ ನಿಮ್ಮ ಹಳೇ ಗಾಡಿಯ ನಂಬರನ್ನೂ. ಕೆಡುವುದಕ್ಕೆ ಏನೂ ಇಲ್ಲದವರು ಮುಯ್ಯಿ ಹಾಕಿದರೆ ನಾನು ಎಲ್ಲಿ ತಿರುಗಿಸಲಿ? ದುಡ್ಡು ವಾಪಸು ಕೊಡಲು ಬಂದವನನ್ನು ಕಾಫಿ ಕುಡಿಸಿ ಕಳಿಸಿದಿರಿ. ಆ ಕಾಫಿಯ ದುಡ್ಡೂ ನೀವೇ ಕೊಟ್ಟಿರಿ.

ಕೊನೆಯದಾಗಿ ಲೆಕ್ಕ ಒಪ್ಪಿಸುತ್ತೇನೆ. ನಿಮ್ಮದು 52,014, ನನ್ನದು 20,000. ಬಿಲ್ಲು 72,000. ಉಳಿದದ್ದು ಹದಿನಾಲ್ಕು ರೂಪಾಯಿ, ಎಲ್ಲ ಒಂದೊಂದರ ನಾಣ್ಯ.

ಇಂಜಿನ್ ಆದಾಗಿನಿಂದ ಗಾಡಿಯಲ್ಲಿ ಒಂದು ಗಿಲಗಿಲ ಶಬ್ದ ಬರುತ್ತಿದೆಯೆಂದು ನೀವೆಲ್ಲ ತಲೆಕೆಡಿಸಿಕೊಂಡಿದ್ದೀರಿ. ಟ್ಯಾಪೆಟ್ ಎಂದು ಇಬ್ಬರು, ಸೈಲೆನ್ಸರ್ ಕ್ಲಾಂಪ್ ಎಂದು ಮೂವರು, ಕಿಂಗ್‌ಪಿನ್ ಎಂದು ಮೇಷ್ಟ್ರು. ಹೋದ ಭಾನುವಾರ ಮಂಡಿಯವರು ಬಿಳಿ ಪಂಚೆಯಲ್ಲೇ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಿಡಿದರು. ಟ್ಯಾಪೆಟ್ ಎರಡು ಸಲ ಅಡ್ಜಸ್ಟ್ ಆಯಿತು.

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಕುಂಕುಮದ ಡಬ್ಬಿ ಇದೆ. ನಾಣ್ಯಗಳನ್ನು ಅದರಲ್ಲಿ ಹಾಕಿಟ್ಟಿದ್ದೇನೆ. ಇಷ್ಟು ದಿನ ಬೇಕೆಂದೇ ಹೇಳಿರಲಿಲ್ಲ.

ಇತಿ,
ನಿಮ್ಮ ಸಾಲಗಾರ,
ಹೊಳೆನರಸೀಪುರ