ಮಾತ್ರೆಯೂ ಮಾತು ಮಾತ್ರವೂ

ಕೊಪ್ಪದ ಬಸ್ ನಿಲ್ದಾಣದಲ್ಲಿ, ಮಲೆನಾಡಿನ ಮಳೆಯ ಆರ್ಭಟಕ್ಕೂ ವಿಚಲಿತರಾಗದೆ, ಶೃಂಗೇರಿಯ ಭಟ್ಟರೂ ನರಸಿಂಹರಾಜಪುರದ ಗೌಡರೂ ಔಷಧದ ಚೀಟಿಗಳನ್ನು ಜಾತಕಗಳಂತೆ ಬಿಡಿಸಿಕೊಂಡು ಸಂಭಾಷಣೆಯಲ್ಲಿ ಮಗ್ನರಾಗಿದ್ದರು.

“ಗೌಡರೇ, ರಕ್ತದೊತ್ತಡ ಗುಣವಾಯಿತೇ?”

“ಒತ್ತಡ ಗುಣವಾಗಲಿಲ್ಲ ಭಟ್ಟರೇ, ಬೆಲೆ ಗುಣಾಕಾರವಾಯಿತು, ಜನೌಷಧಿ ಮಳಿಗೆಯಲ್ಲಿ 10 ರೂಪಾಯಿಗೆ ದೊರೆಯುತ್ತಿದ್ದ ಮಾತ್ರೆಯೇ, ಕಂಪನಿಯ ಹೆಸರಿನ ಜರಿಪೇಟ ಸುತ್ತಿ ಪೇಟೆಗೆ ಬಂದೊಡನೆ 50 ಆಗಿದೆ.”

“ಜನೌಷಧಿಗೇ ಹೋಗಬಾರದೇ?”

“ಸರಕಾರಿ ಆಸ್ಪತ್ರೆಗಳ ಆವರಣದ ಆ ಮಳಿಗೆಗಳನ್ನು ಮುಚ್ಚಬೇಕೆಂದು 2025ರ ಮೇ ತಿಂಗಳಲ್ಲಿ ರಾಜ್ಯದ ಆಜ್ಞೆಯಾಯಿತಲ್ಲ, ಒಳಗೆ ಉಚಿತವಾಗಿ ಕೊಡುವಾಗ ಬಾಗಿಲಲ್ಲಿ ಅಗ್ಗಕ್ಕೆ ಮಾರುವುದು ಶೋಭಿಸದಂತೆ. ಮಳಿಗೆಯವರು ಹೈಕೋರ್ಟಿನ ಮೆಟ್ಟಿಲೇರಿದರು, ನನ್ನ ಒತ್ತಡವೂ ಏರಿತು.”

“ಯುಕ್ತವಾದ ಆಜ್ಞೆಯೇ! ಒಳಗೆ ಮಾತ್ರೆ ಸಿಕ್ಕಿತಷ್ಟೆ?”

“ಮಾತು ಮಾತ್ರ ಸಿಕ್ಕಿತು: ‘ದಾಸ್ತಾನಿಲ್ಲ, ಹೊರಗೆ ಕೊಳ್ಳಿ.’ ಅದಕ್ಕೆ ಕಾಸು ಕೇಳಲಿಲ್ಲ, ಅಪ್ಪಟ ಉಚಿತ!”

“ಹೊರಗೆ ಅಷ್ಟೊಂದು ಬೆಲೆ ಏತಕ್ಕೆ?”

“ತಯಾರಕರು, ಸಗಟಿನವರು, ಚಿಲ್ಲರೆಯವರು ಎಂದು ಕೈಯಿಂದ ಕೈಗೆ ದಾಟಿ ಬರುವಷ್ಟರಲ್ಲಿ, ಆ ಮಾತ್ರೆಯಿಂದ ಸರ್ವರಿಗೂ ಆರೋಗ್ಯ ಪ್ರಾಪ್ತವಾಗಿರುತ್ತದೆ, ರೋಗಿಯೊಬ್ಬನೇ ಬಾಕಿ.”

“ಈಗೇನು ಉಪಾಯ?”

“ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದೇನೆ, ಭಟ್ಟರೇ. ಕಂಡಕ್ಟರ್ ಮಾತ್ರ ಅರ್ಧ ಟಿಕೇಟಿಗೆ ಒಪ್ಪುತ್ತಿಲ್ಲ.”